ಅಕ್ಕೋರು ತೆಗೆಯುತ್ತಿದ್ದ ನೀರು

ಸಂಘದ ವಾರ್ಷಿಕ ಸಂಚಿಕೆಗೆ ಅಕ್ಕೋರ ಬಗ್ಗೆ ಬರೆದುಕೊಡಿ ಎಂದು ಕೇಳಲು ಬಂದವರು ಚಹಾ ಕುಡಿದು ಎದ್ದರು. ಚಪ್ಪಲಿ ಹಾಕಿಕೊಳ್ಳುತ್ತ ಒಂದು ಮಾತು ಸೇರಿಸಿದರು: “ಆ ದೋಣಿ ಕಥಿ ಮಾತ್ರ ಬಿಡಬ್ಯಾಡ್ರಿ ಸರ್. ಸನ್ಮಾನದ ದಿವಸ ಹೇಳಿದ್ರಲ್ಲ, ಥೇಟ್ ಹಂಗ ಬರೀರಿ.”

ಹಾಗೆ ಬರೆಯಲಾರೆ. ದೋಣಿಯ ಮಾತನ್ನು ಬಿಟ್ಟು ಬರೆಯೋಣವೆಂದರೆ ಅದೂ ಆಗುತ್ತಿಲ್ಲ. ಅಕ್ಕೋರನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ಮುಖವಲ್ಲ, ಬೆನ್ನು. ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ದೋಣಿಯ ಹಲಗೆ ಎತ್ತಿ, ಎಂಜಿನ್ ಖಾನೆಯೊಳಗೆ ಭುಜದವರೆಗೆ ಕೈ ಇಳಿಬಿಟ್ಟು ಬಗ್ಗಿರುವ ಬೆನ್ನು. ದಿನಾ ಬೆಳಿಗ್ಗೆ ನಾನು ವಾಕಿಂಗಿಗೆ ಹೋಗುವಾಗ ಅದೇ ದೃಶ್ಯ. ಎಷ್ಟು ದೊಡ್ಡ ಸೇವೆ ಎಂದುಕೊಂಡು ಮುಂದೆ ನಡೆಯುತ್ತಿದ್ದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಕಡೆ ಹೆಣ್ಣುಮೇಷ್ಟ್ರಿಗೆ ಅಕ್ಕೋರು ಅನ್ನುತ್ತಾರೆ. ನಿವೃತ್ತರಾಗಿ ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿಗೆ ಬಂದ ಮೇಲೂ ಆ ಹೆಸರೇ ಉಳಿಯಿತು. ತೆಲುಗಿನ ವಾಚ್‌ಮನ್ ಕೂಡ ಅವರನ್ನು “ಅಕ್ಕೋರು ಮೇಡಂ” ಎಂದೇ ಕರೆಯುತ್ತಿದ್ದ. ಚಿತ್ತಾಪುರದ ಕಡೆಯವರು. ಗಂಡನಿಗೆ ಸಿಕಂದರಾಬಾದಿನ ರೈಲ್ವೆ ಕಚೇರಿಯಲ್ಲಿ ಕೆಲಸವಿದ್ದುದರಿಂದ ಮದುವೆಯಾದ ಹೊಸತರಲ್ಲೇ ಹೈದರಾಬಾದಿಗೆ ಬಂದರು. ಇಲ್ಲಿಯ ಕನ್ನಡ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿದರು. ಗಂಡ ತೀರಿಕೊಂಡ ಮೇಲೂ ಊರು ಬಿಡಲಿಲ್ಲ. ಬಾ ಎಂದು ಕರೆಯುವ ಮಗಳಿಗೆ, “ನಿಮ್ಮೂರಾಗ ಇರಾನಿ ಚಾ ಸಿಗ್ತೈತೇನು, ಮೊದಲ ಅದನ್ನ ಹೇಳು” ಎನ್ನುತ್ತಿದ್ದರು.

ಮೋಟು ಆಳು, ಚುರುಕು ನಡಿಗೆ. ಕನ್ನಡಕವನ್ನು ದಾರಕ್ಕೆ ಕಟ್ಟಿ ಎದೆಯ ಮೇಲೆ ಬಿಟ್ಟಿರುತ್ತಿದ್ದರು. ಯಾರ ಮನೆಗೆ ಹೋದರೂ ಫ್ರಿಜ್ಜಿನ ನೆತ್ತಿಯ ಮೇಲೆ ಒಂದು ಬೆರಳು ಎಳೆಯುವುದು ಅವರ ಅಭ್ಯಾಸ. ಧೂಳಿದೆ ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಬೆರಳನ್ನು ತೋರಿಸುತ್ತಿದ್ದರು. ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸುವವನು. ಡಾಕ್ಟರೇಟ್ ಇದೆ ಎಂದು ತಿಳಿದ ದಿನದಿಂದ ನನ್ನನ್ನು “ಡಾಕ್ಟರ್ ಸಾಹೇಬ್ರು” ಅನ್ನತೊಡಗಿದರು. ಹೊಸಬರಿಗೆ ಪರಿಚಯಿಸುವಾಗ, “ಇವ್ರು ಔಷಧ ಇಲ್ಲದ ಡಾಕ್ಟರ್” ಎಂದು ಸೇರಿಸುತ್ತಿದ್ದರು. ಒಮ್ಮೆ ನಮ್ಮ ಮನೆಯ ಪುಸ್ತಕದ ಕಪಾಟಿನ ಮೇಲೆ ಬೆರಳೆಳೆದು, “ಇಷ್ಟೆಲ್ಲಾ ಓದೀರಿ. ವಾರಕ್ಕೊಮ್ಮೆ ಒರಸಬೇಕು ಅಂತ ಇದ್ರಾಗ ಯಾರೂ ಬರದಿಲ್ಲೇನು?” ಎಂದರು. ನನ್ನ ಹೆಂಡತಿ ಅದನ್ನು ಇವತ್ತಿಗೂ ಹೇಳುತ್ತಾಳೆ.

ಅವರ ಶುಚಿತನದೊಳಗೆ ಇನ್ನೊಂದು ಎಳೆ ಇತ್ತು. ನಾಚಿಕೆಯದು. “ಬಂದವರ ಮುಂದ ಮರ್ಯಾದಿ ಹೋಗಬಾರ್ದು” ಎಂಬುದು ಅವರ ಬಾಯಲ್ಲಿ ಸದಾ ಇರುತ್ತಿದ್ದ ಮಾತು. ಶಾಲೆಗೆ ಇನ್‌ಸ್ಪೆಕ್ಷನ್ ಬರುವ ಮುಂಚಿನ ದಿನ, ಸೀಳು ಬಿಟ್ಟ ಗಾಜಿನ ಬೀಕರುಗಳನ್ನೆಲ್ಲ ಸೀಳು ಗೋಡೆಯ ಕಡೆಗೆ ಬರುವಂತೆ ತಿರುಗಿಸಿ ಇಡುತ್ತಿದ್ದರಂತೆ. “ಸಾಹೇಬ್ರು ಕಪಾಟು ನೋಡ್ತಾರ, ಬೀಕರು ಎತ್ತಿ ನೋಡೂದಿಲ್ಲ” ಎಂದು ನಗುತ್ತ ಹೇಳಿದ್ದರು. ಆಗ ನಾನೂ ನಕ್ಕಿದ್ದೆ.

ಇನ್ನು ದೋಣಿ. ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಒಂದು ಕೆರೆ ಇದೆ. ಅಂತರಗಂಗೆ ಹಬ್ಬಿ ನೀರು ಎಲ್ಲಿದೆ ಎಂದು ಹುಡುಕುವಂತಾದಾಗ, ಸೊಳ್ಳೆಯ ಕಾಟ ತಾಳಲಾರದೆ ನಿವಾಸಿಗಳು ಒಂದು ಕಮಿಟಿ ಮಾಡಿಕೊಂಡರು. ಅಕ್ಕೋರು ಅದರ ಜೀವ. ಆ ಕಳೆ ಎಳೆದು ತೆಗೆಯಲು, ಎಲ್ಲೋ ಪ್ರವಾಸಿಗರನ್ನು ಸುತ್ತಾಡಿಸಿ ಸವೆದ ಹಳೆಯ ಮೋಟಾರ್ ದೋಣಿಯೊಂದು ಬಂತು. ಅದರ ಹೊಟ್ಟೆಯಲ್ಲಿ, ಹಲಗೆಯ ಕೆಳಗೆ, ಡೀಸೆಲ್ ಎಂಜಿನ್. ನಡೆಸಲು ಯಾದಗಿರಿ ಕಡೆಯ ಒಬ್ಬ ಸಿಕ್ಕ. ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಬಂದವನು, ಹಿಂದೆ ಕೃಷ್ಣಾ ನದಿಯಲ್ಲಿ ಲಾಂಚಿನ ಮೇಲೆ ದುಡಿದಿದ್ದ. ಅವನನ್ನು ಸಾಬಣ್ಣ ಎಂದು ಕರೆಯುತ್ತೇನೆ, ನಿಜವಾದ ಹೆಸರು ಬೇರೆ.

ಎಂಜಿನ್ ಖಾನೆಯಲ್ಲಿ ನೀರು ನಿಲ್ಲುತ್ತದೆ ಎಂದು ನಮಗೆ ಗೊತ್ತಾದದ್ದು ಆಗಲೇ. ನೀರಿನೊಳಗಿನ ಪಂಖವನ್ನು ತಿರುಗಿಸುವ ರಾಡು ದೋಣಿಯ ಹಿಂಭಾಗದ ತೂತಿನಿಂದ ಹೊರಗೆ ಹೋಗುತ್ತದೆ. ಆ ತೂತಿನಲ್ಲಿ ರಾಡಿನ ಸುತ್ತ ಗ್ರೀಸ್ ಹಚ್ಚಿದ ಹಗ್ಗವನ್ನು ಸುತ್ತಿ, ಬೋಲ್ಟು ಬಿಗಿದಿರುತ್ತಾರೆ. ಆದರೂ ಹನಿ ಹನಿ ನೀರು ಒಳಗೆ ಬರುತ್ತದೆ, ಬರಲೂ ಬೇಕು. ಆ ನೀರಿನಿಂದಲೇ ರಾಡು ತಣ್ಣಗಿರುವುದು. ಹೀಗೆ ಬಂದ ನೀರಿಗೆ ಎಂಜಿನ್ನಿನ ಎಣ್ಣೆ ತೊಟ್ಟಿಕ್ಕಿ ಸಂಜೆಯ ಹೊತ್ತಿಗೆ ಖಾನೆಯ ತಳದಲ್ಲಿ ಕಪ್ಪನೆಯ ಮಡು ನಿಂತಿರುತ್ತದೆ.

ಅದನ್ನು ಹೊರಗೆ ಚೆಲ್ಲಲು ಬ್ಯಾಟರಿಯ ಪಂಪು ಇತ್ತು. ಗುಂಡಿ ಒತ್ತಿದರೆ ದೋಣಿಯ ಪಕ್ಕದಿಂದ ಕೆರೆಗೆ ಉಗುಳುತ್ತಿತ್ತು. ಮೊದಲ ಸಲ ನೀರಿನ ಮೇಲೆ ಎಣ್ಣೆಯ ಬಣ್ಣ ಹರಡಿದ್ದನ್ನು ಕಂಡ ಅಕ್ಕೋರು ಗುಂಡಿ ತಾವೇ ಆರಿಸಿದರು.

“ಕೆರಿ ತೊಳಿಯಾಕ ಬಂದವ್ರು ನಾವು. ಕೆರಿಗೇ ಎಣ್ಣಿ ಕುಡಸ್ತೀವೇನು? ನೋಡಿದವ್ರು ಏನಂದಾರು?”

ಅಂದಿನಿಂದ ಕೈಯಲ್ಲೇ ತೆಗೆಯಬೇಕೆಂದು ಕಾಯಿದೆಯಾಯಿತು. ಹೇಗೆಂಬುದನ್ನೂ ಅವರೇ ಹೇಳಿಕೊಟ್ಟರು. ಮೊದಲು ಹಳೆಯ ಕಾಟನ್ ಸೀರೆಯ ತುಂಡುಗಳನ್ನು ನೀರಿನ ಮೇಲೆ ಮೆಲ್ಲಗೆ ಹಾಸಬೇಕು. ಎಣ್ಣೆಯನ್ನು ಬಟ್ಟೆ ಕುಡಿದ ಮೇಲೆ ಎತ್ತಿ ಡಬ್ಬಿಗೆ ಹಿಂಡಬೇಕು. ಆಮೇಲೆ ಕೆಳಗಿನ ನೀರನ್ನು ಚಂಬಿನಿಂದ ಮೊಗೆದು, ಬಕೆಟ್ಟಿನಲ್ಲಿ ದಡಕ್ಕೆ ಒಯ್ದು ಮರದ ಹೊಟ್ಟು ತುಂಬಿದ ಗುಂಡಿಗೆ ಸುರಿಯಬೇಕು. “ಎಣ್ಣಿ ತಾನ ಮ್ಯಾಲೆ ಬಂದಿರ್ತೈತಿ. ಅವಸರ ಮಾಡಿ ಕಲಕಬ್ಯಾಡ್ರಿ, ಕಲಕಿದ್ರ ಮುಗೀತು” ಎನ್ನುತ್ತಿದ್ದರು. ಆದರೆ ಆಗ ಕಾಯಿದೆ ಅಕ್ಕೋರದು, ಕೈ ಸಾಬಣ್ಣನದು. ಅದು ಯಾವಾಗ ಅಕ್ಕೋರ ಕೈಗೆ ಬಂತು ಎಂಬುದೇ ಕಥೆ.

ಕೆಲಸ ನೋಡಲು ನಗರಪಾಲಿಕೆಯ ಅಧಿಕಾರಿಯೊಬ್ಬರು ಬರುವವರಿದ್ದರು. ಹಿಂದಿನ ದಿನ ಅಕ್ಕೋರು ದೋಣಿಯನ್ನೆಲ್ಲ ತಿಕ್ಕಿ ತೊಳೆಸಿದರು. ಹಲಗೆ ಎತ್ತಿ ನೋಡಿದರೆ, ಒರೆಸಿ ಒಣಗಿಸಿದ ಖಾನೆಯಲ್ಲಿ ಮತ್ತೆ ಹನಿ ಬೀಳುತ್ತಿದೆ.

“ಇದನ್ನ ನಿಲ್ಲಸು ಸಾಬಣ್ಣ.”

“ಬ್ಯಾಡ್ರಿ ಅಕ್ಕೋರ. ಹನಿ ಬೀಳಬೇಕ್ರಿ. ಬೀಳ್ಲಿಲ್ಲಂದ್ರ ರಾಡು ಕಾಯ್ತೈತಿ.”

“ನಾಳಿ ಒಂದಿನದ ಮಾತು. ಸಾಹೇಬ್ರು ಹಲಗಿ ತಗಿ ಅಂದ್ರ ಈ ಹೊಲಸು ತೋರಸೂದೇನು? ಬಿಗಿ ಮಾಡು.”

ಸಾಬಣ್ಣ ಪಾನಾ ತಂದು ಬೋಲ್ಟನ್ನು ಬಿಗಿದ. ಹನಿ ನಿಂತಿತು.

ಮರುದಿನ ನಡೆದದ್ದನ್ನು ನಾನು ದಡದಿಂದ ನೋಡಿದ್ದೇನೆ. ಇಷ್ಟರಮಟ್ಟಿಗೆ ನನ್ನನ್ನು ನಾನು ನಂಬಬಲ್ಲೆ. ಅಧಿಕಾರಿ, ಕಮಿಟಿಯ ಅಧ್ಯಕ್ಷರು, ಅಕ್ಕೋರು ಹತ್ತಿದರು. ದೋಣಿ ಕೆರೆಯ ನಡುವಿಗೆ ಹೋದಾಗ ಸುಟ್ಟ ಹಗ್ಗದ ವಾಸನೆ ದಡದವರೆಗೂ ಬಂತು. ಹಲಗೆಯ ಸಂದಿಯಿಂದ ಹೊಗೆ ಎದ್ದಿತು. ಎಂಜಿನ್ ಒಮ್ಮೆ ನರಳಿ ನಿಂತಿತು. ಬಿಗಿದ ಹಗ್ಗ ಬೆಂದು ಹೋಗಿ ನೀರು ಧಾರೆಯಾಗಿ ಒಳಗೆ ಬರತೊಡಗಿತು. ಯಾರೋ ಗಾಬರಿಯಲ್ಲಿ ಪಂಪಿನ ಗುಂಡಿ ಒತ್ತಿದರು. ಅಧಿಕಾರಿಯ ಕಣ್ಣೆದುರಿಗೇ ಕಪ್ಪು ನೀರು ಕೆರೆಗೆ ಚಿಮ್ಮಿ, ಬಣ್ಣ ಬಣ್ಣವಾಗಿ ಹರಡಿತು. ಕೊನೆಗೆ ಥರ್ಮಾಕೋಲಿನ ತೆಪ್ಪದ ಮೇಲೆ ಬಲೆ ಹಾಕುತ್ತಿದ್ದ ಮೀನುಗಾರನೊಬ್ಬ ಬಂದು ಹಗ್ಗ ಕಟ್ಟಿ ದೋಣಿಯನ್ನು ದಡಕ್ಕೆ ಎಳೆದು ತಂದ. “ಮೀ ಪಡವ ಕನ್ನಾ ನಾ ಥರ್ಮಾಕೋಲ್ ನಯಂ ಸಾರ್” ಎಂದ. ನಿಮ್ಮ ದೋಣಿಗಿಂತ ನನ್ನ ಥರ್ಮಾಕೋಲೇ ವಾಸಿ ಎಂದು. ಎಲ್ಲರೂ ನಕ್ಕರು. ಅಕ್ಕೋರು ಒದ್ದೆ ಸೆರಗನ್ನು ಹಿಂಡುತ್ತ ನಿಂತಿದ್ದರು.

ಅದೇ ಸಂಜೆ ಕಮಿಟಿಯ ಸಭೆ ನಡೆಯಿತು. ಸಾಬಣ್ಣನನ್ನು ದೋಣಿಯಿಂದ ಇಳಿಸಿದರು. ಅಂದಿನಿಂದ ಅವನು ದಡದಲ್ಲಿ ನಿಂತು ಕೊಕ್ಕೆಯಿಂದ ಅಂತರಗಂಗೆ ಎಳೆಯುವವನು, ಬೇರೊಬ್ಬ ಡ್ರೈವರ್ ಬಂದ. ಅಂದಿನಿಂದಲೇ ಎಂಜಿನ್ ಖಾನೆಯ ನೀರು ತೆಗೆಯುವ ಕೆಲಸವನ್ನು ಅಕ್ಕೋರು ಬೇರೆ ಯಾರಿಗೂ ಕೊಡಲಿಲ್ಲ. ಬಕೆಟ್ಟನ್ನು ದಡದಲ್ಲಿ ಕೈನೀಡಿ ಇಸಿದುಕೊಳ್ಳುತ್ತಿದ್ದವನು ಸಾಬಣ್ಣ. ಅವರಿಬ್ಬರೂ ಮಾತಾಡುತ್ತಿದ್ದುದನ್ನು ನಾನು ಕಂಡಿಲ್ಲ.

ಆ ಸಭೆ ನನಗೆ ಚೆನ್ನಾಗಿ ನೆನಪಿತ್ತು. ಹಾಗೆಂದು ತಿಳಿದಿದ್ದೆ. ಕೆಲವು ವರ್ಷಗಳ ಮೇಲೆ ಅಕ್ಕೋರಿಗೆ ಸನ್ಮಾನವಾದಾಗ ಅದನ್ನೇ ಹೇಳಿದೆ: ಸಾಬಣ್ಣನ ಮೇಲೆ ಎಲ್ಲರೂ ಹರಿಹಾಯುತ್ತಿದ್ದರು, ಆಗ ಅಕ್ಕೋರು ಎದ್ದು ನಿಂತರು, ಕನ್ನಡಕ ತೆಗೆದರು, ‘ಬಿಗಿ ಮಾಡು ಅಂದಾಕಿ ನಾನು, ಅವಂದೇನೂ ತಪ್ಪಿಲ್ಲ’ ಅಂದರು. ಸಭಾಂಗಣದಲ್ಲಿ ಚಪ್ಪಾಳೆ ನಿಲ್ಲಲಿಲ್ಲ. ಸಭೆಯ ದಿನ ಹಾಜರಿದ್ದವರೇ ಹೌದು ಹೌದು ಎಂದು ತಲೆಯಾಡಿಸಿದರು. ಬೀದರ್ ಕಡೆಯವರಾದ ಕಮಿಟಿಯ ಅಧ್ಯಕ್ಷರು ಕಣ್ಣೊರೆಸಿಕೊಂಡು, “ಡ್ರೈವರ್‌ನ ತಪ್ಪು ತನ್ನ ಮ್ಯಾಲೆ ಹಾಕ್ಕೊಂಡ್ರು ನೋಡ್ರಿ. ತಾಯಿ ಕರಳು ಅಂದ್ರ ಇದು” ಎಂದರು.

ಅಕ್ಕೋರು ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದರು. ಸಂಕೋಚ ಎಂದುಕೊಂಡೆ. ಹಿಂದಿನ ಸಾಲಿನಲ್ಲಿ ಕುರ್ಚಿ ಜೋಡಿಸುತ್ತಿದ್ದ ಸಾಬಣ್ಣ ತಲೆಯೆತ್ತಿ ನನ್ನನ್ನೇ ನೋಡಿದ. ನಾನು ಅವನತ್ತ ನೋಡಿ ಮುಗುಳ್ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ಎದ್ದು ಕೋಣೆಯಲ್ಲಿ ಅತ್ತಿತ್ತ ತಿರುಗುತ್ತೇನೆ.

ಮರುದಿನ ಬೆಳಿಗ್ಗೆ ವಾಕಿಂಗಿನಲ್ಲಿ ಅಕ್ಕೋರು ನನ್ನನ್ನು ದೋಣಿಯ ಬಳಿ ಕರೆದರು. ಕೈ ಮೊಣಕೈವರೆಗೆ ಕಪ್ಪಾಗಿತ್ತು.

“ಆ ಮೀಟಿಂಗಿಗೆ ನೀವು ಬಂದಿದ್ರೇನು, ಡಾಕ್ಟರ್ ಸಾಹೇಬ್ರ?”

“ಬಂದಿದ್ದೆನಲ್ರಿ. ಹಿಂದ ಕುಂತಿದ್ದೆ.”

“ಕುಂತಿದ್ರ ಗೊತ್ತಿರ್ತಿತ್ತು. ನಾ ಏನೂ ಹೇಳ್ಲಿಲ್ಲ.”

ಅವರು ಬಟ್ಟೆ ಹಿಂಡುತ್ತಲೇ ಹೇಳಿದರು: “ಬಿಗಿ ಮಾಡಿದ್ದು ಯಾರು ಅಂತ ಕೇಳಿದ್ರು. ನಾ ಮಾಡ್ದೆ ಅಂದ ಅವ. ಅದೂ ಖರೇನ, ಕೈ ಅವಂದ. ಹೇಳಿ ನನ್ನ ಕಡಿ ನೋಡ್ದ. ನಾ ಸೆರಗು ಸರಿ ಮಾಡ್ಕೊಂಡು ಕುಂತೆ. ಅಷ್ಟು ಮಂದಿ ಮುಂದ ಬಾಯಿ ಬರ್ಲಿಲ್ಲ ನನಗ. ಈಗ ನೀವು ಮಾಲಿ ಹಾಕ್ಸಿ ಮತ್ತ ಅಲ್ಲೇ ಕುಂಡ್ರಿಸಿದ್ರಿ. ನಿನ್ನೀನೂ ಬಾಯಿ ಬರ್ಲಿಲ್ಲ.”

“ನನಗ ಹಂಗ ನೆನಪೈತ್ರಿ ಅಕ್ಕೋರ…”

“ಯಾರು ನೋಡ್ಯಾರ, ಯಾರು ಹೇಳ್ಯಾರ ಅಂತ ಕೇಳ್ರಿ ಅಂತ ಹುಡುಗರಿಗೆ ಕಲಸ್ತೀರಂತ. ನನ್ನೊಂದು ಮಾತು ಕೇಳಿದ್ರ ಆಗ್ತಿತ್ತು. ಒಂದ ಬಿಲ್ಡಿಂಗ್‌ನ್ಯಾಗ ಇದ್ದೀವಿ.”

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ. ಆ ಸಂಜೆ ನಾವಿಬ್ಬರೂ ಮಣಿಕೊಂಡದಲ್ಲಿ ಅವಳ ಅಣ್ಣನ ಮನೆಯಲ್ಲಿದ್ದೆವು ಎಂದಳು. ಹಾಗಾದರೆ ಕನ್ನಡಕ ತೆಗೆದದ್ದನ್ನು ನಾನು ಎಲ್ಲಿ ಕಂಡೆ? ಒಮ್ಮೆ ಲಿಫ್ಟ್ ಕೆಟ್ಟಾಗ ಅಕ್ಕೋರು ಮೆಟ್ಟಿಲ ಮೇಲೆ ಉಸಿರಿಗಾಗಿ ನಿಂತು, “ಅವತ್ತ ನಾ ಎದ್ದು ಹೇಳಬೇಕಾಗಿತ್ತು” ಎಂದ ಹಾಗೆ ನೆನಪು. ‘ಹೇಳಬೇಕಾಗಿತ್ತು’ ಎಂಬುದನ್ನು ‘ಹೇಳಿದರು’ ಮಾಡಿಕೊಂಡು, ಅದಕ್ಕೊಂದು ಸಭಾಂಗಣವನ್ನೂ ಕನ್ನಡಕವನ್ನೂ ನಾನೇ ಒದಗಿಸಿರಬೇಕು. ಈ ಮೆಟ್ಟಿಲ ಮಾತಾದರೂ ನಿಜವೋ, ನನ್ನ ಮರ್ಯಾದೆಗಾಗಿ ಈಗ ಹುಟ್ಟಿದ್ದೋ, ಪ್ರಮಾಣ ಮಾಡಲಾರೆ. ಪರರ ದಾಖಲೆಗಳನ್ನೆಲ್ಲ ಅನುಮಾನಿಸಿ ಸಂಬಳ ತೆಗೆದುಕೊಳ್ಳುವವನು ನಾನು. ಅಕ್ಕೋರು ಎಲ್ಲರೆದುರು ಹಾಗೆ ಹೇಳಿದ್ದರೆ ಸಾಬಣ್ಣ ಇನ್ನೂ ಯಾಕೆ ದಡದಲ್ಲಿದ್ದಾನೆ ಎಂಬ ಸಾದಾ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಅಕ್ಕೋರು ಅಷ್ಟಕ್ಕೇ ಬಿಡಲಿಲ್ಲ. “ಖಂಡೇ ನವಮಿಗೆ ದೋಣಿ ಪೂಜಿ ಐತೆಲ್ಲ, ಎಲ್ಲಾರೂ ಬಂದಿರ್ತಾರ. ಅವತ್ತ ಹೇಳ್ತೀನಿ. ದೋಣಿ ಮತ್ತ ಅವನ ಕೈಗೆ ಕೊಡಸ್ತೀನಿ. ನೀವು ಬಾಜೂಕ ನಿಂದರ್ರಿ, ಸಾಕು” ಎಂದರು.

ಆಯುಧಪೂಜೆಯ ದಿನ ದೋಣಿಗೆ ಚೆಂಡುಹೂವಿನ ಮಾಲೆ, ಎಂಜಿನ್ನಿಗೆ ಅರಿಶಿನ ಕುಂಕುಮ. ಆರತಿ ಅಕ್ಕೋರದು, ತೆಂಗಿನಕಾಯಿ ಅಧ್ಯಕ್ಷರದು. ಆರತಿ ಎತ್ತುವ ಮುಂಚೆ ಅಕ್ಕೋರು ತಟ್ಟೆಯನ್ನು ಕೆಳಗಿಟ್ಟರು. ಕನ್ನಡಕ ತೆಗೆಯಲಿಲ್ಲ.

“ಒಂದು ಮಾತು ಹೇಳೋದೈತಿ. ಆ ಬೋಲ್ಟು ಬಿಗಿ ಮಾಡು ಅಂದಾಕಿ ನಾನು.”

ಅವರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಚಪ್ಪಾಳೆ ಬಿತ್ತು. “ಗೊತ್ತೈತ್ರಿ ಅಕ್ಕೋರ, ಸರ್ ಹೇಳ್ಯಾರ!” ಎಂದು ಯಾರೋ ಕೂಗಿದರು.

“ಸರ್ ಹೇಳಿದ್ದು ಸುಳ್ಳು. ನಾ ಅವತ್ತ ಸುಮ್ನ ಕುಂತಿದ್ದೆ. ಅವನ ಮ್ಯಾಲೆ ಬರಾಕ ಬಿಟ್ಟೆ.”

“ನೋಡ್ರಿ, ನೋಡ್ರಿ!” ಅಧ್ಯಕ್ಷರು ಎರಡೂ ಕೈ ಎತ್ತಿದರು. “ಹೊಗಳಿದ್ರ ಸುದ್ದಾ ಬ್ಯಾಡ ಅಂತಾರ. ಇದಕ್ಕ ಅನ್ನೋದು ದೊಡ್ಡತನ ಅಂತ.” ಚಪ್ಪಾಳೆ ಇನ್ನೂ ಜೋರಾಯಿತು.

ಅಕ್ಕೋರು ನನ್ನ ಕಡೆ ತಿರುಗಿದರು. “ನೀವರ ಹೇಳ್ರಿ.”

ಹೇಳಿದೆ. ಅಕ್ಕೋರ ಮಾತು ಖರೇ, ಆ ಸಭೆಯಲ್ಲಿ ನಾನು ಇರಲೇ ಇಲ್ಲ ಎಂದೆ. “ಆಯ್ತು ಬಿಡ್ರಿ, ಡಾಕ್ಟರೂ ಅಕ್ಕೋರ ಪಾರ್ಟಿ ಸೇರಿದ್ರು” ಎಂದು ಅಧ್ಯಕ್ಷರು ನನ್ನ ಬೆನ್ನು ತಟ್ಟಿದರು. ಎಲ್ಲರೂ ನಕ್ಕರು.

“ಹಂಗಾದ್ರ ದೋಣಿ ಚಾವಿ ಸಾಬಣ್ಣಗ ಕೊಡ್ರಿ” ಎಂದರು ಅಕ್ಕೋರು.

“ಅದು ಬ್ಯಾರೇ ಮಾತ್ರಿ ಮೇಡಂ. ನೀವು ಮಾಫ್ ಮಾಡೀರಿ, ಖರೇ. ಕಮಿಟಿ ಹ್ಯಾಂಗ ಮಾಫ್ ಮಾಡ್ತೈತಿ? ಮಂದಿ ಜೀವದ ಸವಾಲ್ ಐತಿ.” ಇಷ್ಟು ಹೇಳಿ ಅವರು ತೆಂಗಿನಕಾಯಿ ಒಡೆದರು.

ಸಾಬಣ್ಣ ಕೊಕ್ಕೆ ಹಿಡಿದು ದಡದಲ್ಲಿ ನಿಂತಿದ್ದ. ಎಲ್ಲರೂ ಪ್ರಸಾದ ತೆಗೆದುಕೊಂಡು ಹೋದ ಮೇಲೆ ಅಕ್ಕೋರು ಹಲಗೆ ಎತ್ತಿ, ಖಾನೆಯ ನೀರಿಗೆ ಬಿದ್ದ ಹೂವಿನ ಎಸಳುಗಳನ್ನು ಒಂದೊಂದಾಗಿ ಆರಿಸಿ ತೆಗೆದರು. ಅವನು ಎಂದಿನಂತೆ ಬಕೆಟ್ಟಿಗೆ ಕೈ ನೀಡಿದ.

ಈ ವರ್ಷದ ಮಳೆಗಾಲದ ಕೊನೆಗೆ ಅಕ್ಕೋರು ತೀರಿಕೊಂಡರು. ದೋಣಿಯ ಶೆಡ್ಡಿನಲ್ಲಿ ಅವರ ಫೋಟೋ ತೂಗುಹಾಕಿದ್ದಾರೆ. ಕೆಳಗೆ ‘ಪರರ ತಪ್ಪನ್ನು ತನ್ನದೆಂದ ತಾಯಿ’ ಎಂದು ಬರೆಸಿದ್ದಾರೆ. ಅದನ್ನು ತೆಗೆಸಿ ಎಂದು ಅಧ್ಯಕ್ಷರನ್ನು ಕೇಳಿದೆ. “ಜಾನೇ ದೋ, ಬಿಡ್ರಿ ಸರ್. ಸತ್ತವರ ಬಗ್ಗೆ ನಾಲ್ಕು ಛಲೋ ಮಾತು ಇದ್ರ ಯಾರಿಗೇನು ಲುಕ್ಸಾನ್?” ಎಂದರು. ಯಾರಿಗೆಂದು ಅವರಿಗೆ ತೋರಿಸಬಹುದಿತ್ತು. ಅವನು ಶೆಡ್ಡಿನ ಹೊರಗೇ ಅಂತರಗಂಗೆ ರಾಶಿ ಹಾಕುತ್ತಿದ್ದ.

ಇಷ್ಟನ್ನು ಬರೆದು, ಅವನ ಸಂಗತಿ ಇರುವುದರಿಂದ, ನಿನ್ನೆ ಸಾಬಣ್ಣನಿಗೆ ಓದಿ ಹೇಳಿದೆ. ಕೊಕ್ಕೆಯನ್ನು ಪಕ್ಕಕ್ಕಿಟ್ಟು, ಕುಕ್ಕರಗಾಲಲ್ಲಿ ಕುಳಿತು ಪೂರಾ ಕೇಳಿದ.

“ಒಂದು ಕಡಿ ತಪ್ಪೈತ್ರಿ ಸರ.”

“ಎಲ್ಲಿ?”

“ಬ್ಯಾಡ್ರಿ ಅಕ್ಕೋರ, ಹನಿ ಬೀಳಬೇಕು ಅಂತ ನಾ ಅಂದಿಲ್ಲ. ಬಿಗಿ ಮಾಡು ಅಂದ್ರು, ಹ್ಞೂಂರಿ ಅಂದೆ. ನನಗೂ ಗೊತ್ತಿತ್ತು, ಅವ್ರಿಗೂ ಗೊತ್ತಿತ್ತು. ಅಂದಿದ್ರ ಬಿಡ್ತಿದ್ರೋ ಏನೋ. ಅನ್ಲಿಲ್ಲ.”

“ಮತ್ತ ನನಗ ಇದನ್ನ ಹೇಳಿದವರು ಯಾರು?”

“ನನಗೇನು ಗೊತ್ತ್ರಿ? ನಮ್ಮಿಬ್ಬರಿಗೂ ಬಾಯಿ ಬರ್ಲಿಲ್ಲ. ನೀವು ಇಬ್ಬರ ಕಡಿಂದನೂ ಮಾತಾಡ್ಸೀರಿ.” ಅವನು ನಕ್ಕ, ಆಮೇಲೆ ನಗು ನಿಲ್ಲಿಸಿದ. “ಅಕ್ಕೋರ ಬಗ್ಗೆ ಸುಳ್ಳು ತಗದು ನನ್ನ ಬಗ್ಗೆ ಸುಳ್ಳು ಇಟ್ರ ಅವ್ರು ಒಪ್ತಿದ್ರೇನ್ರಿ?”

ಆ ಸಾಲನ್ನು ಅಳಿಸಲು ಕುಳಿತವನು ಅಳಿಸಲಿಲ್ಲ. ಓದುವವರು ನನ್ನನ್ನು ಎಷ್ಟು ನಂಬಬಹುದು ಎಂಬುದಕ್ಕೆ ಅದು ಅಲ್ಲೇ ಇರಲಿ. ಈ ಸಂಚಿಕೆಯನ್ನು ಅಧ್ಯಕ್ಷರೂ ಕಮಿಟಿಯವರೂ ಓದುತ್ತಾರೆ, ಅವರಿಗಾಗಿ ಇಷ್ಟು: ಬೋಲ್ಟು ಬಿಗಿ ಮಾಡು ಎಂದವರು ಅಕ್ಕೋರು. ಅದನ್ನು ಅವರು ಎಲ್ಲರ ಮುಂದೆ ಒಪ್ಪಿಕೊಂಡದ್ದು ನಿಜ. ನಾನು ಹೇಳಿದ ಸಭೆಯಲ್ಲಿ ಅಲ್ಲ, ಖಂಡೇ ನವಮಿಯ ಬೆಳಿಗ್ಗೆ, ಆರತಿಯ ತಟ್ಟೆ ಕೆಳಗಿಟ್ಟು. ಆಗ ನಾವು ಚಪ್ಪಾಳೆ ತಟ್ಟುತ್ತಿದ್ದೆವು.